ಬಲಿಪಾಡ್ಯಮಿಯಂದು ರದ್ದಾದ ಚೀಟಿ

ನೀರು ತುಂಬುವ ಹಬ್ಬದ ಹಿಂದಿನ ಸಂಜೆ ನನ್ನ ಸಹಾಯಕ ಮಾಸ್ತರನು ಬಳ್ಳಾರಿಯ ಕಡೆಯ ಗಾಡಿ ಹತ್ತಿದನು. ಮದುವೆಯಾದ ಮೇಲಿನ ಮೊದಲನೆಯ ದೀಪಾವಳಿ. ಅತ್ತೆಯ ಮನೆಯವರು ಎಣ್ಣೆನೀರಿಗೆ ಕರೆಕಳಿಸಿದ್ದರು. ಹೊಸ ಅಳಿಯನು ಆ ಕರೆಗೆ ಹೋಗದಿರುವುದು ನಮ್ಮ ಕಡೆ ದೊಡ್ಡ ಅವಮಾನ. ರಜೆ ಮಂಜೂರಾಗಿತ್ತು. ಕಿಟಕಿಯಿಂದ ತಲೆ ಹೊರಗಿಟ್ಟು, "ಅಮಾಸಿ ಬೆಳಗಿನ ಗಾಡಿಗೆ ಬಂದೇ ಬಿಡ್ತೀನ್ರಿ. ಆಮ್ಯಾಲ ನೀವು ಕಂಪ್ಲಿಗೆ ಹೋಗಿ ಬರ್ರಿ" ಎಂದನು. ಕಂಪ್ಲಿ ನನ್ನ ಪತ್ನಿಯ ತವರು. ಅವಳು ಮಕ್ಕಳೊಡನೆ ಒಂದು ವಾರ ಮೊದಲೇ ಅಲ್ಲಿಗೆ ಹೋಗಿದ್ದಳು. ಪಾಡ್ಯಮಿಯ ಮಧ್ಯಾಹ್ನದ ಊಟಕ್ಕೆ ನಾನೂ ಬರುವೆನೆಂದು ಮಾತು ಕೊಟ್ಟಿದ್ದೆ.

ನಾನಿದ್ದ ನಿಲ್ದಾಣ ಹೊಸಪೇಟೆಗೂ ಬಳ್ಳಾರಿಗೂ ನಡುವಿನ ಒಂದು ಸಣ್ಣ ನಿಲ್ದಾಣ. ಅದರ ಹೆಸರು ಇಲ್ಲಿ ಬೇಡ. ಎರಡು ಕೋಣೆಯ ಕಟ್ಟಡ, ಹಿಂದೆ ನಮ್ಮ ವಸತಿ, ಮುಂದೆ ಒಂದು ಬೇವಿನ ಮರ. ತೆಂಕಣದಲ್ಲಿ ಸಂಡೂರಿನ ಗುಡ್ಡಗಳ ಸಾಲು, ಉಳಿದ ದಿಕ್ಕುಗಳಲ್ಲಿ ಜೋಳದ ಹೊಲ. ಹತ್ತಿರದ ಮನೆಯೆಂದರೆ ಮೈಲು ದೂರ. ಕೆಲಸಕ್ಕೆ ಇಬ್ಬರು ಮಾಸ್ತರರು, ಹನ್ನೆರಡು ಗಂಟೆಗೊಬ್ಬರಂತೆ. ಜೊತೆಗೆ ಒಬ್ಬ ಪಾಯಿಂಟ್ಸ್‌ಮನ್: ಹಳಿಯ ಕೀಲು ತಿರುಗಿಸುವುದು, ಸಿಗ್ನಲ್ ಎಳೆಯುವುದು, ದೀಪ ಹಚ್ಚುವುದು ಅವನ ಪಾಲು. ಸಂಡೂರು ಸೀಮೆಯ ಬಂಡ್ರಿಯವನು, ನನಗಿಂತ ಹತ್ತು ವರ್ಷ ಹಿರಿಯ, ಅಕ್ಷರ ಬಾರದವನು.

ಇನ್ನು ನಡೆದದ್ದನ್ನು ತಿಳಿಯಲು ನಮ್ಮ ಕೆಲಸದ ಕ್ರಮವನ್ನು ಸ್ವಲ್ಪ ಹೇಳಬೇಕು. ಎರಡು ನಿಲ್ದಾಣಗಳ ನಡುವೆ ಇದ್ದುದು ಒಂದೇ ಹಳಿ. ಅದರ ಮೇಲೆ ಒಂದು ಕಾಲಕ್ಕೆ ಒಂದೇ ಗಾಡಿ ಇರಬೇಕು. ಗಾಡಿ ಬಿಡುವ ಮೊದಲು ಮುಂದಿನ ನಿಲ್ದಾಣವನ್ನು ತಂತಿಯಲ್ಲಿ ಕೇಳಬೇಕು: ದಾರಿ ತೆರವಾಗಿದೆಯೇ ಎಂದು. ಅವರು ಒಪ್ಪಿದರೆ ತಮ್ಮ ಗುಪ್ತ ಪಟ್ಟಿಯಿಂದ ಒಂದು ಸಂಖ್ಯೆಯನ್ನು ಕಳಿಸುತ್ತಾರೆ. ಕಳಿಸಿದೊಡನೆ ಪಟ್ಟಿಯಲ್ಲಿ ಅದನ್ನು ಹೊಡೆದುಹಾಕುತ್ತಾರೆ. ಕೇಳಿದವನು ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದು, ಒಂದು ಚೀಟಿಯಲ್ಲೂ ಬರೆದು, ಚಾಲಕನ ಕೈಗೆ ಕೊಡುತ್ತಾನೆ. ಚಾಲಕನಿಗೆ ಆ ಚೀಟಿಯೇ ಅಪ್ಪಣೆ. ಅದನ್ನು ಹಿಡಿದವನು ಎದುರಿನಿಂದ ಏನೂ ಬಾರದೆಂದು ನಂಬಿ ಹೊರಡುತ್ತಾನೆ. ಪ್ರಾಣಗಳೆಲ್ಲ ಆ ಅಂಗೈಯಗಲದ ಕಾಗದದ ಮೇಲೆ ನಿಂತಿರುತ್ತವೆ.

ನಾನು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ, ಛಂದಸ್ಸುಗಳನ್ನು ಓದಿದವನು. ತಂತಿಯ ಭಾಷೆ ಕಲಿಯಲು ಕುಳಿತಾಗ ಜೊತೆಯವರು ತಿಂಗಳುಗಟ್ಟಲೆ ತಿಣುಕಿದ ವಿದ್ಯೆ ನನಗೆ ಹದಿನೈದು ದಿನಗಳಲ್ಲಿ ಹಿಡಿಯಿತು. ತಂತಿಯಂತ್ರದ ಗಿಡ್ಡ ಸದ್ದನ್ನು ಲಘುವೆಂದೂ ಉದ್ದದ ಸದ್ದನ್ನು ಗುರುವೆಂದೂ ಎಣಿಸಿಕೊಂಡೆ. ಒಂದೊಂದು ಸಂದೇಶವೂ ಕಿವಿಗೆ ಒಂದು ಪಾದದಂತೆ ಬೀಳುತ್ತಿತ್ತು. ಈ ವಿಷಯದಲ್ಲಿ ನನಗೆ ಒಳಗೊಳಗೆ ಹೆಮ್ಮೆಯಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಸಹಾಯಕನು ಹೋದ ಮೊದಲ ದಿನ ಕಷ್ಟವೆನಿಸಲಿಲ್ಲ. ಎರಡು ಗಾಡಿಗಳ ನಡುವೆ ಸಿಕ್ಕ ಅರ್ಧ ಗಂಟೆ, ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕಣ್ಣು ಮುಚ್ಚಿದೆ. ನರಕ ಚತುರ್ದಶಿಯ ಬೆಳಗ್ಗೆ ಪಾಯಿಂಟ್ಸ್‌ಮನ್ ಹಂಡೆಯಲ್ಲಿ ನೀರು ಕಾಯಿಸಿಟ್ಟನು. ಎಣ್ಣೆಯ ಬಟ್ಟಲನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಯಂತ್ರ ಕರೆಯಿತು. ಒಂದರ ಹಿಂದೆ ಒಂದು ಮೂರು ಗಾಡಿ. ಹೊತ್ತೇರಿದ ಮೇಲೆ ತಣ್ಣೀರು ಸುರಿದುಕೊಂಡು ಸಂಧ್ಯಾವಂದನೆ ಮುಗಿಸಿದೆ. ಉಪನಯನವಾದಂದಿನಿಂದ ಆ ದಿನದ ಅಭ್ಯಂಗ ತಪ್ಪಿದ್ದು ಅದೇ ಮೊದಲು.

ಅಮಾವಾಸ್ಯೆಯ ಬೆಳಗಿನ ಗಾಡಿ ಬಂತು. ಸಹಾಯಕನು ಇಳಿಯಲಿಲ್ಲ. ಒಂದು ಗಂಟೆಯ ತರುವಾಯ ತಂತಿ ಬಂತು: ಚಳಿಜ್ವರ, ಎದ್ದು ನಿಲ್ಲಲಾರೆ, ಕ್ಷಮಿಸಬೇಕು. ನಾನು ಮೇಲಿನ ಕಚೇರಿಗೆ ಬದಲಿಯವರನ್ನು ಬೇಡಿದೆ. ಉತ್ತರ ಕೂಡಲೇ ಬಂತು: ಹಬ್ಬ ಮುಗಿಯುವವರೆಗೆ ಬದಲಿಯವರಿಲ್ಲ, ನಡೆಸಿಕೊಂಡು ಹೋಗಿರಿ. ಅದರಲ್ಲಿ ಕಠಿಣವಾದ ಮಾತೊಂದೂ ಇರಲಿಲ್ಲ. ಅದನ್ನು ಮಡಿಸಿ ಮೇಜಿನ ಖಾನೆಯಲ್ಲಿ ಇಟ್ಟೆ.

ನಿದ್ದೆಗೇಡನ್ನು ನಾನು ಮೊದಲೂ ಕಂಡಿದ್ದೆ. ಆ ದಿನ ಹೊಸದಾಗಿ ಬಂದದ್ದು ಬೇರೆ. ಹಬ್ಬವಿಲ್ಲದ ದಿನಗಳಲ್ಲಿ ಆ ನಿಲ್ದಾಣ ಬರಿದಾಗಿದೆ ಎಂದು ನನಗೆ ಅನಿಸಿದ್ದೇ ಇಲ್ಲ. ಆ ದಿನ ಮಾತ್ರ ಹತ್ತಿರದ ಹಳ್ಳಿ ಗಾದಿಗನೂರಿನ ದಿಕ್ಕಿನಿಂದ ಪಟಾಕಿಯ ಸದ್ದು ಗಾಳಿಯಲ್ಲಿ ಬಂದಾಗ ಎದ್ದು ಕಿಟಕಿ ಮುಚ್ಚಿದೆ. ನಿಂತ ಗಾಡಿಗಳಲ್ಲಿ ಹೊಸ ಸೀರೆಯವರು, ಬುತ್ತಿಯ ಗಂಟು ಹಿಡಿದವರು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ, ನೋಡಬೇಕಾದ ಕಾರಣವೂ ಇರಲಿಲ್ಲ. ಗಾಡಿ ಹೋದ ಮೇಲೆ ಉಳಿಯುವ ಮೌನ ಕಿವಿಯನ್ನು ಒತ್ತುತ್ತಿತ್ತು. ಒಂದು ಸಲ ಪತ್ನಿಗೆ ಹೇಳುವಂತೆ, "ಸಾರು ಆರ್ತದ, ಬಡಿಸು" ಎಂದು ಗಟ್ಟಿಯಾಗಿ ಅಂದುಬಿಟ್ಟೆ. ಅಂದ ಮೇಲೆ ಯಾರಾದರೂ ಕೇಳಿದರೇ ಎಂದು ಬಾಗಿಲ ಹೊರಗೆ ನೋಡಿದೆ.

ಇದಕ್ಕೆ ನಾನು ಕಂಡುಕೊಂಡ ಪರಿಹಾರ ನಿತ್ಯಪಾರಾಯಣದ ಸ್ತೋತ್ರ. ಕಣ್ಣು ಎಳೆದಾಗ ಎದ್ದು ನಿಂತು, ಕೋಣೆಯ ಉದ್ದಗಲ ನಡೆಯುತ್ತ, ಬಾಯಿತುಂಬ ಹೇಳಲಾರಂಭಿಸಿದೆ. ಮುಗಿದರೆ ಮತ್ತೆ ಮೊದಲಿನಿಂದ. ನಿದ್ದೆ ದೂರವಾಗುತ್ತಿತ್ತು. ಮನಸ್ಸೂ ಹಗುರವಾಗುತ್ತಿತ್ತು. ಯಂತ್ರ ಕರೆದಾಗ ನಾಲಗೆ ನಿಲ್ಲುತ್ತಿತ್ತು, ಒಳಗಿನ ಲಯ ಮಾತ್ರ ನಿಲ್ಲುತ್ತಿರಲಿಲ್ಲ. ಲಘುಗುರುಗಳು ಒಂದರೊಳಗೊಂದು ಸೇರಿ ಹರಿಯುತ್ತಿದ್ದವು. ಇದನ್ನು ನಾನು ಭಗವಂತನ ಅನುಗ್ರಹವೆಂದೇ ಭಾವಿಸಿದೆ.

ಅಂದು ಹೊತ್ತು ಮುಳುಗುವ ಮುಂಚೆ ಪಾಯಿಂಟ್ಸ್‌ಮನ್ ದೀಪಗಳ ಗಾಜು ಒರೆಸುತ್ತ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದನು. ನಾನು ಬಾಗಿಲಿಗೆ ಬಂದಾಗ, "ಮಾಸ್ತರ್ರ, ಹೊರಗ ಬರ್ರಿ, ಕುಂದ್ರಿ. ಒಬ್ರ ಒಳಗ ಕುಂತ್ರ ತಲಿ ಕೆಡತೈತಿ. ಎಲ್ಡ ಮಾತಾಡೋಣು" ಎಂದನು.

"ಇಲ್ಲಪ್ಪ, ನನ್ನ ಪಾರಾಯಣ ಮುಗಿದಿಲ್ಲ" ಎಂದೆ.

"ದೇವ್ರು ಎಲ್ಲಿಗೂ ಹೋಗಂಗಿಲ್ಲ ಬಿಡ್ರಿ. ಆತಗೂ ಹಬ್ಬ ಐತಿ, ಒಂದೀಟು ಉಸುರು ಬಿಡಲಿ."

ಮಾತು ತಮಾಷೆಯದೇ. ನನಗೆ ಸಲುಗೆ ಮೀರಿದಂತೆ ಕಂಡಿತು. ತಿರುಗಿ ಒಳಕ್ಕೆ ಬಂದೆ. ಅವನ ಹೆಂಡತಿ ಮಕ್ಕಳೂ ಬಂಡ್ರಿಯಲ್ಲಿ ಇದ್ದರು, ಅವನೂ ಹಬ್ಬ ಬಿಟ್ಟು ಕುಳಿತವನು ಎಂಬುದು ನನಗೆ ತಿಳಿದಿತ್ತು. ತಿಳಿದಿದ್ದರೂ ಆ ಹೊತ್ತಿಗೆ ಹೊಳೆಯಲಿಲ್ಲ.

ಪಾಡ್ಯಮಿಯ ಬೆಳಗ್ಗೆ ಹಾಲಿನ ಮುದುಕಿ ಬಂದಳು. ಗಾದಿಗನೂರಿನವಳು, ದಿನವೂ ಚೆಂಬಿನಲ್ಲಿ ಹಾಲು ತಂದು ಅಳೆದು ಹೋಗುವವಳು. ಆ ದಿನ ಬುಟ್ಟಿಯಲ್ಲಿ ಸಗಣಿಯ ಪಾಂಡವರು ಇದ್ದರು. ಐದು ಪುಟ್ಟ ಗೋಪುರಗಳು, ಅವುಗಳ ತಲೆಗೆ ಚೆಂಡುಹೂವು, ಉತ್ತರಾಣಿಯ ಕಡ್ಡಿ. ಕೇಳದೆಯೇ ನನ್ನ ವಸತಿಯ ಹೊಸ್ತಿಲ ಇಕ್ಕೆಲದಲ್ಲಿ ಅವನ್ನು ಇಟ್ಟಳು.

"ಹೆಣ್ಮಕ್ಕಳಿಲ್ಲದ ಮನಿ ಅಂತ ಪಾಂಡವ್ರು ಒಲ್ಲೆ ಅಂತಾರೇನ್ರಿ?" ಎಂದಳು. ಆಮೇಲೆ ನನ್ನ ಮುಖವನ್ನು ದಿಟ್ಟಿಸಿ, "ಏನ್ರಿ ಸಾಮೇರ, ಕಣ್ಣು ಕೆಂಡ ಆಗ್ಯಾವು. ಮಕ್ಕಂಡು ಎಷ್ಟ್ ದಿನ ಆತು?" ಎಂದು ಕೇಳಿದಳು.

"ಮಲಗಿದ್ದೆ ತಾಯೀ" ಎಂದೆ.

"ಕುದುರಿ ಮಕ್ಕಂಡಂಗ ನಿಂತ್ಕಂಡು ಮಕ್ಕಂಡಿರಬೇಕು" ಎಂದು ಗೊಣಗುತ್ತ ಹೋದಳು.

ಮಧ್ಯಾಹ್ನ ಹನ್ನೆರಡೂವರೆಗೆ ಪಶ್ಚಿಮದ ನಿಲ್ದಾಣ, ಅಂದರೆ ಹೊಸಪೇಟೆಯ ಕಡೆಯ ನಿಲ್ದಾಣ, ನನ್ನನ್ನು ಕರೆದು ಕೇಳಿತು: ಹಬ್ಬದ ಜನಕ್ಕೆಂದು ಬಿಟ್ಟ ಹೆಚ್ಚುವರಿ ಗಾಡಿಯೊಂದು ಹೊಸಪೇಟೆಯಿಂದ ಬರುತ್ತಿದೆ, ನಿಮ್ಮ ಕಡೆಗೆ ದಾರಿ ತೆರವೇ? ತೆರವೆಂದು ಹೇಳಿ, ನನ್ನ ಪಟ್ಟಿಯಿಂದ ಮೂವತ್ತೊಂದು ಎಂಬ ಸಂಖ್ಯೆಯನ್ನು ಕಳಿಸಿ, ಪಟ್ಟಿಯಲ್ಲಿ ಅದನ್ನು ಹೊಡೆದೆ. ಪುಸ್ತಕದಲ್ಲಿ ಬರೆದೆ. ಇಷ್ಟನ್ನು ಮಾಡಿದವನು ನಾನೇ. ಆದರೆ ಈಗ ಹೇಳುತ್ತಿರುವುದು ಪುಸ್ತಕವನ್ನು ನೋಡಿ ತಿಳಿದದ್ದರಿಂದಲೇ ಹೊರತು ಆ ಹೊತ್ತಿನ ನೆನಪಿನಿಂದಲ್ಲ.

ಅದಾದ ಸ್ವಲ್ಪ ಹೊತ್ತಿಗೆ ಪೂರ್ವದಿಂದ ಖಾಲಿ ವ್ಯಾಗನ್ನುಗಳ ಗಾಡಿ ಬಂತು. ಸಂಡೂರಿನ ಮ್ಯಾಂಗನೀಸ್ ಅದಿರು ತುಂಬಲು ಹೊಸಪೇಟೆಗೆ ಹೋಗಬೇಕಾದದ್ದು. ನಾನು ಬಾವುಟ ಹಿಡಿದು ಹೊರಗೆ ನಿಂತೆ. ಪಾಯಿಂಟ್ಸ್‌ಮನ್ ದೂರದ ಕೀಲಿನ ಬಳಿ ನಿಂತು ಗಾಡಿಯನ್ನು ಪಕ್ಕದ ಹಳಿಗೆ ತೆಗೆದುಕೊಂಡನು. ಇಬ್ಬರೂ ಆ ಹೊತ್ತು ಕೋಣೆಯ ಹೊರಗೆ ಇದ್ದೆವು. ಬಿಸಿಲು ಸುಡುತ್ತಿತ್ತು. ಒಳಗೆ ಬಂದು ಕುರ್ಚಿಯಲ್ಲಿ ಕುಳಿತೆ. ಸ್ತೋತ್ರ ತಾನಾಗಿ ಮೊದಲಾಯಿತು.

ಮುಂದಿನದನ್ನು ನನಗೆ ತೋರಿದಂತೆ ಬರೆಯುತ್ತೇನೆ. ನಾನು ಪಶ್ಚಿಮದ ನಿಲ್ದಾಣವನ್ನು ಕರೆದೆ. ಖಾಲಿ ಗಾಡಿಗೆ ದಾರಿ ತೆರವೇ ಎಂದು ಕೇಳಿದೆ. ತೆರವು, ಸಂಖ್ಯೆ ಮೂವತ್ತೊಂದು ಎಂದು ಉತ್ತರ ಬಂತು. ಸದ್ದಿನ ಲಘುಗುರುಗಳು ಒಂದೊಂದೂ ಸ್ಪಷ್ಟವಾಗಿ ಕಿವಿಯಲ್ಲಿವೆ. ಪುಸ್ತಕದಲ್ಲಿ ಬರೆದೆ, ಚೀಟಿ ಬರೆದೆ, ಸಹಿ ಹಾಕಿದೆ. ಹೊರಗೆ ಬಂದು ಇಂಜಿನ್ನಿನ ಬಳಿ ಹೋಗಿ ಚಾಲಕನ ಕೈಗೆ ಕೊಟ್ಟೆ.

ಚಾಲಕನು ಹೊಸಪೇಟೆಯ ಮುಸಲ್ಮಾನ, ಕೆಲಸ ಬಲ್ಲವನು, ಮಾತುಗಾರ. ಚೀಟಿಯನ್ನು ಓದಿ ಕಿಸೆಗೆ ಹಾಕಿ, "ಮೆಹರ್ಬಾನಿ ಮಾಸ್ಟರ್‌ಸಾಬ್. ನಮ್ಮ ಓಣಿ ತುಂಬ ಇವತ್ತು ಹೋಳಿಗಿ. ಜಲ್ದಿ ಹೋದ್ರ ಬಿಸಿ ಸಿಗ್ತಾವು, ಲೇಟ್ ಆದ್ರ ಬರೇ ಬೈಗಳ" ಎಂದು ನಕ್ಕನು.

ಗಾಡಿ ಹೊರಡಲೆಂದು ನಾನು ಪಾಯಿಂಟ್ಸ್‌ಮನ್ನಿಗೆ ಸಿಗ್ನಲ್ ಇಳಿಸಲು ಕೈ ಮಾಡಿದೆ. ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿದ್ದ ಸರಳಿನ ಮೇಲೆ ಅವನ ಕೈ ಇತ್ತು. ಅವನು ಎಳೆಯಲಿಲ್ಲ. ಸರಳನ್ನು ಬಿಟ್ಟು ನನ್ನ ಕಡೆಗೆ ನಡೆದು ಬಂದನು.

"ಮಾಸ್ತರ್ರ, ಮಿಷನ್ನು ಮಾತಾಡಿಲ್ಲಲ್ರಿ" ಎಂದನು.

"ಏನಂದಿ?"

"ಈ ಗಾಡಿ ಬಂದ ಮ್ಯಾಲ ಮಿಷನ್ನು ಮಾತಾಡಿಲ್ರಿ. ನೀವೂ ಅದನ್ನ ಮುಟ್ಟಿಲ್ಲ. ನಾ ಕೀಲು ಹಾಕಿ ಬಂದು ಕಿಡಕಿ ಬಾಜೂಕ ನಿಂತಿದ್ದೆ."

ಮೈಯೆಲ್ಲ ಉರಿದಂತಾಯಿತು. ಸಂಖ್ಯೆ ನನ್ನ ಕಿವಿಯಲ್ಲಿ ಇನ್ನೂ ನುಡಿಯುತ್ತಿದೆ. ಅಕ್ಷರ ಬಾರದವನೊಬ್ಬ ಚಾಲಕನ ಎದುರಿಗೆ ನನ್ನನ್ನು ಸುಳ್ಳನೆನ್ನುತ್ತಿದ್ದಾನೆ. "ನಿನಗ ತಂತಿ ಏನು ತಿಳೀತದ? ಹೋಗು, ಎಳಿ" ಎಂದೆ.

ಮೇಲಿನಿಂದ ಚಾಲಕನು, "ಏನ್ ಅಣ್ಣಾರ, ನೀವು ಯಾವಾಗ ಮಾಸ್ತರ್ ಆದ್ರಿ? ಪಗಾರ ಹೆಚ್ಚಾತೇನು?" ಎಂದನು.

ಪಾಯಿಂಟ್ಸ್‌ಮನ್ ಅವನ ಕಡೆ ತಿರುಗಲಿಲ್ಲ. "ಅದು ಏನ್ ಅಂತೈತಿ ಅಂಬೋದು ತಿಳಿಯಂಗಿಲ್ರಿ. ಅಂತೋ ಇಲ್ಲೋ ಅಂಬೋದು ತಿಳೀತೈತಿ. ನೀವು ಎಳಿ ಅಂದ್ರ ಎಳೀತೀನಿ, ನೀವು ಧಣಿ. ಆದ್ರ ಒಂದ್ ಸರ್ತಿ ಕೇಳಿ ಬರ್ರಿ. ಕೇಳಿದ್ರ ಏನ್ ಹೋಗತೈತಿ?"

ಇಂಜಿನ್ನು ಶಿಳ್ಳೆ ಹಾಕಿತು. ನನ್ನ ಮಾತೊಂದಿದ್ದರೆ ಅವನು ಎಳೆಯುತ್ತಿದ್ದನು, ಗಾಡಿ ಹೊರಡುತ್ತಿತ್ತು. ನನ್ನ ನೆನಪಿನ ಮೇಲೆ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ನಾನು ಒಳಕ್ಕೆ ಹೋದದ್ದು ಸಂಶಯದಿಂದಲ್ಲ, ಅವನ ಬಾಯಿ ಮುಚ್ಚಿಸುವ ಹಟದಿಂದ. ಪುಸ್ತಕವನ್ನು ತಂದು ಅವನ ಮುಖಕ್ಕೆ ಹಿಡಿಯೋಣವೆಂದುಕೊಂಡೆ. ಅವನಿಗೆ ಓದು ಬಾರದೆಂಬುದೂ ಆ ಸಿಟ್ಟಿನಲ್ಲಿ ಮರೆತಿತ್ತು.

ಪುಸ್ತಕ ತೆರೆದೇ ಇತ್ತು. ಕೊನೆಯ ಸಾಲಿನಲ್ಲಿ ಮೂವತ್ತೊಂದು. ಅದರ ಮೇಲಿನ ಸಾಲಿನಲ್ಲೂ ಮೂವತ್ತೊಂದು. ಮೇಲಿನದು ಹೆಚ್ಚುವರಿ ಗಾಡಿಗೆ ನಾನೇ ಕೊಟ್ಟ ಸಂಖ್ಯೆ. ಪಕ್ಕದಲ್ಲಿದ್ದ ನನ್ನ ಗುಪ್ತ ಪಟ್ಟಿಯಲ್ಲಿ ಅದನ್ನು ಹೊಡೆದುಹಾಕಿತ್ತು. ಮಸಿ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು. ನಾನು ಕಳಿಸಿದ ಸಂಖ್ಯೆಯನ್ನೇ ನನಗೆ ಬಂದ ಸಂಖ್ಯೆಯೆಂದು ಬರೆದಿದ್ದೆ. ನಾನು ಯಾರನ್ನೂ ಕರೆದಿರಲಿಲ್ಲ. ಯಾರೂ ಉತ್ತರಿಸಿರಲಿಲ್ಲ. ಕಿವಿಯೊಳಗೆ ಹರಿಯುತ್ತಿದ್ದ ಲಯವೇ ಪ್ರಶ್ನೆಯನ್ನೂ ಕೇಳಿ ಉತ್ತರವನ್ನೂ ತುಂಬಿಕೊಂಡಿತ್ತು.

ಯಂತ್ರದ ಮೇಲೆ ಕೈಯಿಟ್ಟೆ. ಪಶ್ಚಿಮದ ನಿಲ್ದಾಣವನ್ನು ಕರೆದೆ. ಹೆಚ್ಚುವರಿ ಗಾಡಿ ಎಲ್ಲಿದೆ ಎಂದು ಕೇಳಿದೆ. ಪಶ್ಚಿಮದ ಮಾಸ್ತರರು ಸಿಡುಕಿನಿಂದ ಬಡಿದರು: ನಿಮ್ಮ ಮೂವತ್ತೊಂದರ ಮೇಲೆ ಬಿಟ್ಟು ಎಂಟು ನಿಮಿಷವಾಯಿತು, ಹೊರಟಾಗ ಎರಡು ಸಲ ಕರೆದೆ, ನೀವು ಉತ್ತರಿಸಲಿಲ್ಲ.

ನಡುವೆ ಇದ್ದದ್ದು ಆರು ಮೈಲಿ, ಅದರಲ್ಲಿ ಗುಡ್ಡದ ಮಗ್ಗುಲಿನ ಕುರುಡು ತಿರುವೊಂದು.

ಓಡಿದೆ. ಹೇಗೆ ಓಡಿದೆನೆಂದು ತಿಳಿಯದು. ಉತ್ತರೀಯ ಬಾಗಿಲ ಚಿಲಕಕ್ಕೆ ಸಿಕ್ಕಿ ಅಲ್ಲೇ ಉಳಿಯಿತು. ಚಾಲಕನ ಕಡೆಗೆ ಕೈಚಾಚಿ, "ಚೀಟಿ ಕೊಡಪ್ಪ. ಎದುರಿನಿಂದ ಗಾಡಿ ಬರ್ಲಿಕತ್ತದ" ಎಂದೆ. ಅವನ ಮುಖದ ನಗೆ ಹಾಗೆಯೇ ನಿಂತಿತು. ಕಿಸೆಯಿಂದ ಚೀಟಿ ತೆಗೆದು ಕೊಟ್ಟನು. ಕೊಟ್ಟ ಮೇಲೆ ಇಂಜಿನ್ನಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟನು.

ಪಾಯಿಂಟ್ಸ್‌ಮನ್ ಆಗಲೇ ಕೀಲಿನ ಕಡೆಗೆ ಹೊರಟಿದ್ದನು. ನಾನೇನೂ ಹೇಳಬೇಕಾಗಲಿಲ್ಲ. ಮುಖ್ಯ ಹಳಿ ಹೊಂದಿಸಿ, ಬೀಗ ಹಾಕಿ, ಹೆಚ್ಚುವರಿ ಗಾಡಿ ಒಳಬರಲು ಪಶ್ಚಿಮದ ಸಿಗ್ನಲ್ ಇಳಿಸಿದನು. ಸ್ವಲ್ಪ ಹೊತ್ತಿಗೆ ಗುಡ್ಡದ ಮಗ್ಗುಲಲ್ಲಿ ಹೊಗೆ ಕಂಡಿತು. ಹೆಚ್ಚುವರಿ ಗಾಡಿ ಬಂದು, ಖಾಲಿ ವ್ಯಾಗನ್ನುಗಳ ಪಕ್ಕದಲ್ಲಿ ನಿಂತಿತು. ಒಂಬತ್ತು ಡಬ್ಬಿ. ಬಾಗಿಲಲ್ಲೂ ಮೆಟ್ಟಿಲಲ್ಲೂ ಜನ. ಎಣ್ಣೆ ಹಚ್ಚಿ ಬಾಚಿದ ತಲೆಗಳು, ಕಿವಿಗೆ ಸಿಕ್ಕಿಸಿದ ಚೆಂಡುಹೂವು, ಕಿಟಕಿಯ ಹೊರಗೆ ಚಾಚಿದ ಹಸಿರು ಬಳೆಯ ಕೈಗಳು. ನಾನು ಬಾವುಟ ಹಿಡಿದು ನಿಂತಿದ್ದೆ.

ಖಾಲಿ ಗಾಡಿಯ ಚಾಲಕನು ಇಳಿದು ಬಂದು, ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ ಹೇಳಿದನು: "ಮಾಸ್ಟರ್‌ಸಾಬ್, ಅದನ್ನ ಹರದು ಇಂಜಿನ್ ಬೆಂಕಿಗೆ ಒಗೀತೀನಿ, ಕೊಡ್ರಿ. ನಾ ಏನೂ ನೋಡಿಲ್ಲ. ನಿಮಗೂ ಮಕ್ಕಳದಾವು, ನನಗೂ ಅದಾವು."

ಚೀಟಿ ನನ್ನ ಅಂಗೈಯಲ್ಲಿ ಬೆವರಿಗೆ ಮೆತ್ತಗಾಗಿತ್ತು. ಅವನು ಹೇಳಿದ್ದು ಕರುಣೆಯಿಂದ, ಅದರಲ್ಲಿ ಕೆಡುಕಿರಲಿಲ್ಲ. ಪುಸ್ತಕದ ಸಾಲನ್ನು ಬರಹದ ತಪ್ಪೆಂದು ಹೊಡೆದುಬಿಡಬಹುದಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಇಂಥ ತಪ್ಪಿಗೆ ಕೆಲಸ ಹೋಗುವುದು ಸಾಮಾನ್ಯ; ಜೈಲಿಗೆ ಹೋದವರೂ ಇದ್ದರು. ಕಂಪ್ಲಿಯಲ್ಲಿ ಊಟಕ್ಕೆ ಕಾದಿದ್ದ ಎಲೆ ಕಣ್ಣ ಮುಂದೆ ಬಂತು. ನಾನು ಪಾಯಿಂಟ್ಸ್‌ಮನ್ನನ್ನು ನೋಡಿದೆ. ಅವನು ನೆಲ ನೋಡುತ್ತ ನಿಂತಿದ್ದನು. ಕೇಳಿದರೆ ಅವನೂ ಬಾಯಿ ಕಟ್ಟಿಕೊಳ್ಳುತ್ತಿದ್ದನು, ಅದು ನನಗೆ ತಿಳಿದಿತ್ತು.

ನನ್ನ ಮನಸ್ಸನ್ನು ತಿರುಗಿಸಿದ್ದು ಧರ್ಮಶಾಸ್ತ್ರದ ವಾಕ್ಯವಲ್ಲ. ಚೀಟಿ ಸುಟ್ಟರೆ ಸಂಜೆಯವರೆಗೆ ಇನ್ನೂ ನಾಲ್ಕು ಗಾಡಿಗಳಿಗೆ ಚೀಟಿ ಬರೆಯಬೇಕಾದವನು ನಾನೇ. ಈಗ ನನ್ನ ಕಿವಿಯೊಳಗೆ ಸದ್ದಾದರೆ ಅದು ಯಂತ್ರದ್ದೋ ನನ್ನದೋ ಎಂದು ಹೇಳಬಲ್ಲವನು ನಾನಾಗಿರಲಿಲ್ಲ.

ಒಳಗೆ ಹೋಗಿ ಚೀಟಿಯ ಮೇಲೆ ಅಡ್ಡಲಾಗಿ ರದ್ದು ಎಂದು ಬರೆದು, ವೇಳೆ ಬರೆದು, ಸಹಿ ಹಾಕಿ, ಪುಸ್ತಕಕ್ಕೆ ಅಂಟಿಸಿದೆ. ಆಮೇಲೆ ಪಾಯಿಂಟ್ಸ್‌ಮನ್ನನ್ನು ಒಳಗೆ ಕರೆದೆ.

"ಇಲ್ಲಿ ಕೂಡು. ಯಂತ್ರ ಮಾತಾಡಿದಾಗ ಕೈ ಎತ್ತು."

"ಕುರ್ಚಿ ಮ್ಯಾಲೇನ್ರಿ?"

"ಕುರ್ಚಿ ಮ್ಯಾಲೆ."

ಅವನು ಕುರ್ಚಿಯ ಅಂಚಿನಲ್ಲಿ ಕುಳಿತನು. ನಾನು ಎರಡೂ ಕಡೆಯ ನಿಲ್ದಾಣಗಳಿಗೂ ಮೇಲಿನ ಕಚೇರಿಗೂ ಒಂದೇ ಸಂದೇಶ ಕಳಿಸಿದೆ: ನಿದ್ದೆಯಿಲ್ಲದೆ ನಾಲ್ಕನೆಯ ದಿನ, ಕೆಲಸಕ್ಕೆ ತಕ್ಕವನಾಗಿ ಉಳಿದಿಲ್ಲ, ತಪ್ಪು ಚೀಟಿ ಕೊಟ್ಟು ಹಿಂದಕ್ಕೆ ಪಡೆದಿದ್ದೇನೆ, ಬದಲಿಯವರು ಬರುವ ತನಕ ಎರಡೂ ಕಡೆಯ ದಾರಿ ಮುಚ್ಚಿದೆ, ನಿಂತ ಎರಡು ಗಾಡಿಗಳೂ ಇಲ್ಲೇ ಇರುತ್ತವೆ. ಉತ್ತರ ಬಂತು ಎಂದು ಪಾಯಿಂಟ್ಸ್‌ಮನ್ ಮೂರು ಸಲ ಕೈ ಎತ್ತಿದನು. ಮೂರು ಸಲವೂ ನನ್ನ ಕಿವಿ ಅವನ ಕೈಗೆ ಒಪ್ಪಿತು. ಕಚೇರಿ ಕೇಳಿದ್ದು ಒಂದೇ ಮಾತು: ಪ್ರಯಾಣಿಕರ ಗಾಡಿಯನ್ನಾದರೂ ಮುಂದಕ್ಕೆ ಬಿಡಬಹುದಲ್ಲ? ಬಿಡಲಾರೆ ಎಂದೆ.

ಅಲ್ಲಿಂದ ಎರಡೂವರೆ ಗಂಟೆ ನನ್ನ ನಿಲ್ದಾಣ ತುಂಬಿ ಹೋಗಿತ್ತು. ಒಂಬತ್ತು ಡಬ್ಬಿಯ ಜನ ಇಳಿದು ಬೇವಿನ ನೆರಳಲ್ಲಿ, ಪ್ಲಾಟ್‌ಫಾರಮ್ಮಿನಲ್ಲಿ, ನನ್ನ ವಸತಿಯ ಜಗಲಿಯಲ್ಲಿ ಗಂಟು ಬಿಚ್ಚಿ ಕುಳಿತರು. ಮಾಸ್ತರನೇ ಗಾಡಿ ತಡೆದನೆಂಬ ಸುದ್ದಿ ಹೇಗೋ ಹಬ್ಬಿತು. ಕಿಟಕಿಗೆ ಮುಖಗಳು ಬರತೊಡಗಿದವು.

"ಯಾಕ್ರಿ ನಿಲ್ಲಿಸೀರಿ? ಹಬ್ಬದ ಊಟಾ ಜೀರ್ಣ ಆಗಲಿ ಅಂತೇನು?" ಎಂದನೊಬ್ಬ.

ನಡುವಯಸ್ಸಿನ ಹೆಂಗಸೊಬ್ಬಳು ಬಾಗಿಲಲ್ಲೇ ಬಂದು ನಿಂತಳು. ಕೈಯಲ್ಲಿ ಬಟ್ಟೆ ಮುಚ್ಚಿದ ಹಿತ್ತಾಳೆ ತಟ್ಟೆ. "ನಮ್ಮಣ್ಣಗ ಆರತಿ ಮಾಡಾಕ ಹೊಂಟೀನಿ. ವರ್ಸಕ್ಕೊಂದ್ ದಿನ ಆತನ ಮಾರಿ ನೋಡಾದು. ಹೊತ್ತಿಳಿದ ಮ್ಯಾಲ ಹೋಗಿ ಬಾಗ್ಲಾಗ ನಿಂತ್ರ ನಮ್ಮತ್ತಿಗಿ ಏನಂತಾಳ ಗೊತ್ತೇನ್ರಿ ನಿಮಗ? ನಿಮಗ ಅಕ್ಕತಂಗೇರು ಅದಾರೋ ಇಲ್ಲೋ? ಕುರ್ಚಿ ಸಿಕ್ಕೈತಂತ ಕುಂತ್ ಬಿಟ್ರ ಆತೇನು?" ಎಂದು ಮೊದಲುಮಾಡಿದವಳು ನನ್ನ ವಂಶವನ್ನೂ ರೈಲು ಕಂಪನಿಯ ವಂಶವನ್ನೂ ಬಿಡಲಿಲ್ಲ.

ಪಾಯಿಂಟ್ಸ್‌ಮನ್ ಎದ್ದು, "ಏ ಯವ್ವಾ, ಸುಮ್ಕಿರು, ನಿನಗ ಗೊತ್ತಿಲ್ಲ..." ಎಂದು ಹೇಳಹೊರಟನು. ಬೇಡವೆಂದು ಕೈ ಅಡ್ಡ ಹಿಡಿದೆ. "ತಪ್ಪು ನನ್ನದೇ ತಾಯೀ" ಎಂದೆ. "ತಪ್ಪಂತ ತಪ್ಪು" ಎಂದು ಅವಳು ಮತ್ತೆ ಆರಂಭಿಸಿದಳು. ನಾನು ನಿಂತು ಕೊನೆಯ ಮಾತಿನವರೆಗೂ ಕೇಳಿದೆ. ಬಾಯಿ ದೊಡ್ಡದು, ಉಸಿರು ಗಟ್ಟಿ, ಕೆನ್ನೆಯ ಅರಿಸಿನ ಬೆವರಿಗೆ ಕರಗಿ ಇಳಿಯುತ್ತಿತ್ತು. ಬೈಯುತ್ತಿರುವವಳ ಮುಖವನ್ನು ಅಷ್ಟು ಆಸೆಯಿಂದ ನಾನು ಎಂದೂ ನೋಡಿರಲಿಲ್ಲ. ಅವಳು ದಣಿದು ಹೋದ ಮೇಲೆ ಗೋಡೆಗೆ ಮುಖಮಾಡಿ ಅತ್ತೆ. ಪಾಯಿಂಟ್ಸ್‌ಮನ್ ಕಿಟಕಿಗೆ ಬೆನ್ನು ಕೊಟ್ಟು, ಹೊರಗಿನವರಿಗೆ ಕಾಣದಂತೆ ನಿಂತನು.

ಹೊಸಪೇಟೆಯಿಂದ ಬದಲಿ ಮಾಸ್ತರರು ತಳ್ಳುವ ಟ್ರಾಲಿಯಲ್ಲಿ ಬಂದರು. ಗುಪ್ತ ಪಟ್ಟಿ, ಪುಸ್ತಕ, ಕೀಲಿಕೈಗಳನ್ನು ಎಣಿಸಿ ಒಪ್ಪಿಸಿದೆ. ಎರಡು ಗಾಡಿಗಳೂ ಹೊರಟವು. ಬೇವಿನ ಕಟ್ಟೆಯ ಮೇಲೆ ಪಾಯಿಂಟ್ಸ್‌ಮನ್ನಿನ ಪಕ್ಕದಲ್ಲಿ ಕುಳಿತೆ. ಅವನು ಬಂಡ್ರಿಯ ತನ್ನ ಹೊಲದ ಮಾತು ಹೇಳತೊಡಗಿದನು. ಯಾವ ಮಾತಿನ ನಡುವೆ ನಿದ್ದೆ ಬಂತೋ ತಿಳಿಯದು.

ಹತ್ತು ದಿನಗಳ ಮೇಲೆ ಹೊಸಪೇಟೆಯಲ್ಲಿ ವಿಚಾರಣೆ ನಡೆಯಿತು. ಅಧಿಕಾರಿಯು ಒಬ್ಬ ಇಂಗ್ಲಿಷ್ ದೊರೆ, ನನ್ನ ಹೇಳಿಕೆಯನ್ನು ತಲೆಯೆತ್ತದೆ ಬರೆದುಕೊಂಡನು. ಬಳಿಕ ಗುಮಾಸ್ತನ ಮೂಲಕ ಪಾಯಿಂಟ್ಸ್‌ಮನ್ನನ್ನು ಕೇಳಿಸಿದನು: ಮೇಲಿನವನ ಅಪ್ಪಣೆಯನ್ನು ಯಾವ ಅಧಿಕಾರದಿಂದ ಮೀರಿದೆ?

ಅವನು ಮುಂಡಾಸು ಕೈಯಲ್ಲಿ ಹಿಡಿದು ನಿಂತಿದ್ದನು. "ಮೀರಿಲ್ರಿ. ಕೇಳಿ ಬರ್ರಿ ಅಂದೆ. ಇಪ್ಪತ್ತು ವರ್ಸ ಅದರ ಸಪ್ಪಳ ಕೇಳೀನಿ. ಮನ್ಯಾಗ ಕೂಸು ಅಳೋದು ನಿಂತ್ರ ತಾಯಿಗೆ ಗೊತ್ತಾಗಂಗಿಲ್ಲೇನ್ರಿ, ಹಂಗ" ಎಂದನು. ಗುಮಾಸ್ತನು ಅದನ್ನು ಇಂಗ್ಲಿಷಿಗೆ ತಿರುಗಿಸಲು ಬಹಳ ಹೊತ್ತು ತೆಗೆದುಕೊಂಡನು.

ದೊರೆಯು ಪುಸ್ತಕಕ್ಕೆ ಅಂಟಿಸಿದ್ದ ಚೀಟಿಯನ್ನು ಬೆರಳಿನಿಂದ ಸವರಿ, ಇದು ಇಲ್ಲದಿದ್ದರೆ ನಿನ್ನ ಮೇಲೆ ಏನನ್ನೂ ಸಾಧಿಸಲಾಗುತ್ತಿರಲಿಲ್ಲ ಎಂದನು. ಹೌದೆಂದೆ. ಒಂದು ವರ್ಷ ನನ್ನನ್ನು ತಂತಿಯ ಕೆಲಸದಿಂದ ತೆಗೆದು ಮಾಲಿನ ಕೋಣೆಗೆ ಹಾಕಿದರು. ಕೆಲಸ ಉಳಿಯಿತು. ಹಬ್ಬದ ವಾರಗಳಲ್ಲಿ ಸಣ್ಣ ನಿಲ್ದಾಣಗಳಿಗೆ ಬದಲಿಯವರನ್ನು ಮೊದಲೇ ಗೊತ್ತುಮಾಡಬೇಕೆಂದು ಅದೇ ತಿಂಗಳು ಒಂದು ಸುತ್ತೋಲೆ ಬಂತೆಂದು ಕೇಳಿದೆ.

ವರ್ಷ ಕಳೆದು ಮತ್ತೆ ಯಂತ್ರದ ಮುಂದೆ ಕುಳಿತೆ. ಪಾರಾಯಣವನ್ನು ಬಿಡಲಿಲ್ಲ, ಅದಕ್ಕೆ ಪೂಜೆಯ ಹೊತ್ತೆಂಬುದಿದೆ, ಅಲ್ಲಿಟ್ಟೆ. ಭಗವಂತನ ಹೆಸರನ್ನು ನಿದ್ದೆಗೆ ಹೊಡೆಯುವ ಕೋಲಾಗಿ ಹಿಡಿದದ್ದು ನನ್ನ ಅಪರಾಧ. ಕೆಲಸದಲ್ಲಿ ಹೊಸ ರೂಢಿಯೊಂದು ಬಂತು. ಯಾವ ನಿಲ್ದಾಣದಲ್ಲಿರಲಿ, ಪಾಯಿಂಟ್ಸ್‌ಮನ್ ಯಾರೇ ಇರಲಿ, ಅವನಿಗೆ ಕೋಣೆಯೊಳಗೆ ಒಂದು ಸ್ಟೂಲು ಹಾಕಿಸುತ್ತಿದ್ದೆ. ಜೊತೆಯ ಮಾಸ್ತರರು ಹಿಂದಿನಿಂದ ನಗುತ್ತಿದ್ದರು. ಸಂಖ್ಯೆ ಬಂದಾಗ ತಿರುಗಿ, "ಬಂತೇನಪ್ಪ?" ಎಂದು ಕೇಳುತ್ತಿದ್ದೆ. "ಬಂತ್ರಿ" ಎಂದು ಅವನು ಹೇಳಿದ ಮೇಲೆಯೇ ಲೇಖನಿಯನ್ನು ಮಸಿಯಲ್ಲಿ ಅದ್ದುತ್ತಿದ್ದೆ.